ಹಂಗಾಮಿ ಕೆಲಸಕ್ಕೆ ಖಾಯಂ ಸಂಕೋಲೆ

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಒಂದು ಮಾತು ಬಂತು. ಬಂದ ಮಾತು ಅಲ್ಲಿಗೇ ನಿಲ್ಲಲಿಲ್ಲ. ಸಭೆ ಮುಗಿದ ಮೇಲೆ ಕಾಫಿಯ ಲೋಟದೊಡನೆ ಬೀದಿಗೂ ಇಳಿಯಿತು. ಪೋರೂರಿನಲ್ಲಿ ಕೆಲಸಕ್ಕಿದ್ದ ನಮ್ಮ ಹುಡುಗನೊಬ್ಬ ಹನ್ನೊಂದು ತಿಂಗಳ ಕರಾರಿಗೆ ರುಜು ಹಾಕಿ, ಏಳನೆಯ ತಿಂಗಳಿಗೇ ಬಿಟ್ಟು ಊರಿಗೆ ಹೋದನಂತೆ. "ಒಪ್ಪಿಕೊಂಡ ಮೇಲೆ ಪೂರೈಸಬೇಕಿತ್ತು. ಇಂಥವರಿಂದ ಕನ್ನಡಿಗರ ಹೆಸರು ಕೆಡುತ್ತದೆ. ನಾಳೆ ನಮ್ಮ ಕಡೆಯವರನ್ನು ಯಾರು ಕರೆದು ಕೆಲಸ ಕೊಡುತ್ತಾರೆ?" ಎಂದು ಹಿರಿಯರೊಬ್ಬರು ಕೇಳಿದರು. ಹಲವರು ತಲೆದೂಗಿದರು. ನಾವು ತಲೆದೂಗಲಿಲ್ಲ. ಯಾಕೆ ತೂಗಲಿಲ್ಲವೆಂಬುದನ್ನು ಈ ಪುಟದಲ್ಲಿ ಹೇಳಬೇಕಾಗಿದೆ.

ಮೊದಲು ನಡೆದದ್ದೇನು ಎಂಬುದನ್ನು ಕೇಳಿ. ಹುಡುಗ ಅರಸೀಕೆರೆಯ ಕಡೆಯವನು, ಡಿಪ್ಲೊಮಾ ಓದಿದವನು. ಪೋರೂರಿನ ವೃತ್ತದಿಂದ ಪರಂಗಿಮಲೆಯ ಕಡೆಗೆ ಹೋಗುವ ರಸ್ತೆಯಲ್ಲಿ ಗಾಜಿನ ಗೋಡೆಯ ಕಚೇರಿಗಳು ಸಾಲಾಗಿ ಎದ್ದಿರುವುದನ್ನು ನೀವು ಕಂಡಿದ್ದೀರಿ. ಅಂಥದೊಂದರಲ್ಲಿ ಅವನಿಗೆ ಕೆಲಸ. ಕೆಲಸ ಅಲ್ಲಿ, ಆದರೆ ಸಂಬಳ ಕೊಡುವವನು ಬೇರೆ: ಆಳುಗಳನ್ನು ಒದಗಿಸುವ ಗುತ್ತಿಗೆದಾರ. ಊರಿನ ಹತ್ತಿರ ಖಾಯಂ ಕೆಲಸವೊಂದು ಸಿಕ್ಕಿತು. ಮನೆಯಲ್ಲಿ ಕಾಯಿಲೆಯ ತಾಯಿ. ಹುಡುಗ ಹದಿನೈದು ದಿನ ಮುಂಚಿತವಾಗಿ ಕಾಗದ ಬರೆದುಕೊಟ್ಟ. ತನ್ನ ಕೆಲಸವನ್ನು ಪಕ್ಕದವನಿಗೆ ಹೇಳಿಕೊಟ್ಟ. ಹೊರಟ ದಿನ ಗುತ್ತಿಗೆದಾರ ಮೂರು ಮಾತು ಹೇಳಿದ. ಕೊನೆಯ ತಿಂಗಳ ಸಂಬಳವಿಲ್ಲ. ಮೂರು ತಿಂಗಳ ಸಂಬಳದಷ್ಟು ದಂಡ ಕಟ್ಟಬೇಕು. ಅಲ್ಲಿಯವರೆಗೆ ಮೂಲ ಸರ್ಟಿಫಿಕೇಟುಗಳು ತನ್ನ ಬೀರುವಿನಲ್ಲೇ ಇರುತ್ತವೆ.

ಆ ಕರಾರುಪತ್ರವನ್ನು ನಾವು ತರಿಸಿ ಓದಿದೆವು. ಅದರಲ್ಲಿ ಹತ್ತಿರ ಹತ್ತಿರವೇ ಎರಡು ಷರತ್ತುಗಳಿವೆ. ಒಂದರಂತೆ, ಕೆಲಸಗಾರನು ಹನ್ನೊಂದು ತಿಂಗಳು ಮುಗಿಯುವ ತನಕ ಬಿಡುವಂತಿಲ್ಲ, ಬಿಟ್ಟರೆ ದಂಡ. ಇನ್ನೊಂದರಂತೆ, ಗುತ್ತಿಗೆದಾರನು ಯಾವ ಕಾರಣವನ್ನೂ ಕೊಡದೆ, ಒಂದು ದಿನದ ಸೂಚನೆಯ ಮೇಲೆ, ಯಾವಾಗ ಬೇಕಾದರೂ ಕೆಲಸಗಾರನನ್ನು ತೆಗೆಯಬಹುದು. ಕಾಗದ ಒಂದೇ, ರುಜು ಎರಡು. ಆದರೆ ಹಗ್ಗ ಒಬ್ಬನ ಕೊರಳಿಗೆ ಮಾತ್ರ. ಈ ಎರಡನೆಯ ಷರತ್ತು ಬರಿಯ ಅಲಂಕಾರಕ್ಕೆ ಬರೆದದ್ದೂ ಅಲ್ಲ. ಆ ಹುಡುಗ ಬಿಡುವುದಕ್ಕೆ ಎರಡು ತಿಂಗಳ ಹಿಂದೆ ಅದೇ ಗುತ್ತಿಗೆದಾರನ ಕೈಕೆಳಗಿನ ಆರು ಮಂದಿಗೆ ಒಂದು ಶುಕ್ರವಾರ ಸಂಜೆ "ಸೋಮವಾರದಿಂದ ಬರಬೇಡಿ" ಎಂದು ಹೇಳಿ ಕಳುಹಿಸಿದ್ದರು. ಆ ಆರು ಜನರಿಗಾಗಿ ನಮ್ಮ ಸಭೆಯಲ್ಲಿ ಯಾರೂ ಎದ್ದು ನಿಂತು "ಗುತ್ತಿಗೆದಾರರ ಹೆಸರು ಕೆಟ್ಟಿತು" ಎಂದು ಹೇಳಲಿಲ್ಲ. ಮಾತಿಗೆ ತಪ್ಪಿದ ಪಾಪ ಕೆಲಸಗಾರನಿಗೆ ಮಾತ್ರ ತಟ್ಟುತ್ತದೆಯೇ?

ಹಿರಿಯರ ಮಾತಿನಲ್ಲಿ ಒಂದು ನಿಜವಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಈ ನಗರ ಇನ್ನೂ ಮದರಾಸು ಎನಿಸಿಕೊಂಡಿದ್ದ ಕಾಲದಲ್ಲಿ ತುಳುನಾಡಿನಿಂದ ಬಂದ ಹೋಟೆಲ್ ಮಾಣಿಗಳು ನಂಬಿಕೆಯಿಂದ ದುಡಿದು ನಮಗೆಲ್ಲ ಹೆಸರು ತಂದರು. ಕೆ. ಕೃಷ್ಣರಾಯರು ಈ ಊರಿಗೆ ಬಂದದ್ದು ಹೋಟೆಲಿನ ಕೆಲಸದಾಳಾಗಿಯೇ; 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದರು. ಆದರೆ ಹಿರಿಯರು ಕಥೆಯ ಇನ್ನೊಂದು ಭಾಗವನ್ನು ಮರೆಯುತ್ತಾರೆ. ಮೊದಲು ರುಬ್ಬಲು ಕೂತ ಮಾಣಿಗಳೆಲ್ಲ ಸಾಯುವ ತನಕ ಅಲ್ಲೇ ರುಬ್ಬುತ್ತಿದ್ದರೆ ಊರೂರಿಗೆ ಒಂದೊಂದು ಉಡುಪಿ ಹೋಟೆಲು ಹೇಗೆ ಬಂತು? ಒಂದು ಕೆಲಸ ಬಿಟ್ಟು ಅದಕ್ಕಿಂತ ಮೇಲಿನದನ್ನು ಹಿಡಿದವರೇ ಅಲ್ಲವೇ ಈ ಉದ್ಯಮ ಕಟ್ಟಿದವರು? ಅಂದು ಬಿಟ್ಟುಹೋದವನನ್ನು ಇಂದು ಸಾಹಸಿ ಎಂದು ಹೊಗಳುತ್ತೇವೆ. ಇಂದು ಬಿಟ್ಟುಹೋದವನನ್ನು ಕೈಕೊಟ್ಟವನೆಂದು ಹಳಿಯುತ್ತೇವೆ.

ಅಂದಿನ ನಿಷ್ಠೆಗೆ ಎದುರಾಗಿ ಒಂದಷ್ಟು ಏನಾದರೂ ಇರುತ್ತಿತ್ತು. ಹೋಟೆಲಿನ ಧಣಿಗೆ ಮಾಣಿಯ ಮುಖ ಗೊತ್ತಿತ್ತು. ಊಟ ಅಲ್ಲೇ, ಮಲಗುವುದೂ ಅಲ್ಲೇ. ತಂಗಿಯ ಮದುವೆಗೆ ಕೈಗಡ ಸಿಗುತ್ತಿತ್ತು. ಎಲ್ಲ ಧಣಿಗಳೂ ಒಳ್ಳೆಯವರಾಗಿದ್ದರೆಂದು ನಾವು ಹೇಳುತ್ತಿಲ್ಲ. ಬೈಗುಳವೂ ಇತ್ತು, ಏಟೂ ಇತ್ತು. ಆದರೂ ಆಳು–ಅರಸು ಒಂದೇ ಸೂರಿನ ಕೆಳಗಿದ್ದರು. ಇಂದು ಪೋರೂರಿನ ಗಾಜಿನ ಮನೆಯಲ್ಲಿ ದುಡಿಸಿಕೊಳ್ಳುವವನು "ನೀನು ನನ್ನವನಲ್ಲ, ಗುತ್ತಿಗೆದಾರನವನು" ಎನ್ನುತ್ತಾನೆ. ಗುತ್ತಿಗೆದಾರ "ನನಗೆ ಮೇಲಿನವರು ಬಿಲ್ಲು ಪಾಸು ಮಾಡಿಲ್ಲ" ಎನ್ನುತ್ತಾನೆ. ಕೆಲಸ ಕೊಡುವಾಗ ಇಬ್ಬರೂ ಧಣಿಗಳು, ಸಂಬಳ ಕೇಳಿದಾಗ ಇಬ್ಬರೂ ಅಲ್ಲ. ಈ ಮುಖವಿಲ್ಲದ ಧಣಿಗೆ ಯಾವ ನಿಷ್ಠೆ ತೋರಿಸಬೇಕು?

ಬಿಟ್ಟುಹೋಗುವುದೇ ಅಪರಾಧವೆಂಬ ಈ ಭಾವನೆ ನಮ್ಮ ರಕ್ತಕ್ಕೆ ಎಲ್ಲಿಂದ ಬಂತು? ಅದಕ್ಕೊಂದು ಚರಿತ್ರೆಯಿದೆ. 1859ರಲ್ಲಿ ಬ್ರಿಟಿಷ್ ಸರಕಾರ ಕೆಲಸಗಾರರ ಕರಾರುಭಂಗದ ಕಾಯಿದೆಯನ್ನು ಮಾಡಿತು. ಕೇಳಿದವರು ಕಲ್ಕತ್ತೆಯ ವ್ಯಾಪಾರಿಗಳ ಸಂಘದವರು. ಮೊದಲು ಅನ್ವಯವಾದದ್ದು ಕಲ್ಕತ್ತ, ಮದರಾಸು, ಬೊಂಬಾಯಿ ಈ ಮೂರು ಪಟ್ಟಣಗಳಿಗೆ. ಮುಂಗಡ ಹಣ ಪಡೆದ ಕುಶಲಕರ್ಮಿಯೋ ಕೂಲಿಯೋ ಕರಾರಿನ ಕೆಲಸ ಮಾಡದೆ ಹೋದರೆ ಧಣಿಯು ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಹಣ ಹಿಂತಿರುಗಿಸು ಇಲ್ಲವೆ ಕೆಲಸ ಮಾಡು ಎಂದು ಅವರು ಆಜ್ಞೆ ಮಾಡುತ್ತಿದ್ದರು. ಮೀರಿದರೆ ಮೂರು ತಿಂಗಳವರೆಗೆ ಸೆರೆ. ಗಮನಿಸಿ: ಇಬ್ಬರ ನಡುವಿನ ಒಪ್ಪಂದ ಮುರಿದರೆ ಸಾಮಾನ್ಯವಾಗಿ ಅದು ಸಿವಿಲ್ ವ್ಯಾಜ್ಯ; ಮುರಿದವನು ಕೂಲಿಯಾದರೆ ಮಾತ್ರ ಅದು ಕ್ರಿಮಿನಲ್ ಅಪರಾಧ. ಸಂಬಳ ಕೊಡದ ಧಣಿಗೆ ಆ ಕಾಯಿದೆಯಲ್ಲಿ ಸೆರೆಮನೆ ಇರಲಿಲ್ಲ.

ಆ ಕಾಯಿದೆ ಪಟ್ಟಣಗಳಲ್ಲಿ ಹುಟ್ಟಿದರೂ ತೋಟಗಳಿಗೆ ಹಬ್ಬಿತು. ಕೊಡಗಿನ ಕಾಫಿ ತೋಟಗಳಲ್ಲಿ ಪ್ಲಾಂಟರುಗಳು ಅದನ್ನು ಚಾಟಿಯಂತೆ ಬಳಸಿದರು. ಮೈಸೂರು ಸೀಮೆಯಿಂದಲೂ ದಕ್ಷಿಣ ಕನ್ನಡದಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಘಟ್ಟಕ್ಕೆ ಒಯ್ಯುತ್ತಿದ್ದರು. ಮಳೆಗೋ ಮಲೇರಿಯಕ್ಕೋ ಹೆದರಿ ಇಳಿದು ಬಂದವನ ಬೆನ್ನಿಗೆ ವಾರಂಟು ಬರುತ್ತಿತ್ತು. ನಮ್ಮಲ್ಲಿ ಕೆಲವರ ಮುತ್ತಜ್ಜಂದಿರು ಆ ಘಟ್ಟ ಹತ್ತಿ ಇಳಿದವರೇ. ಕೊನೆಗೆ 1925ರಲ್ಲಿ ಈ ಕಾಯಿದೆಯನ್ನು ರದ್ದುಮಾಡುವ ಶಾಸನವಾಯಿತು. ಶಾಸನ ಸತ್ತು ನೂರು ವರ್ಷವಾಯಿತು. ಅದರ ಪ್ರೇತ ಮಾತ್ರ ಗುತ್ತಿಗೆದಾರನ ಬೀರುವಿನಲ್ಲಿ, ನಮ್ಮ ಹುಡುಗನ ಸರ್ಟಿಫಿಕೇಟುಗಳ ನಡುವೆ ಮಲಗಿದೆ. ಅಂದು ಮುಂಗಡದ ಹಣವನ್ನು ಕೊಟ್ಟಾದರೂ ಕಟ್ಟಿಹಾಕುತ್ತಿದ್ದರು. ಇಂದು ಏನೂ ಕೊಡದೆ ಕಟ್ಟಿಹಾಕುತ್ತಾರೆ.

"ಹಾಗಾದರೆ ಕರಾರಿಗೆ ಬೆಲೆಯೇ ಇಲ್ಲವೇ?" ಎಂದು ಕೇಳುವವರಿದ್ದಾರೆ. ಇದೆ. ಎಷ್ಟು ಬೆಲೆ ಎಂಬುದನ್ನು ಕಾನೂನು ಹೇಳಿದೆ. ಒಬ್ಬನ ಸ್ವಂತ ದುಡಿಮೆಯ ಕರಾರನ್ನು ನ್ಯಾಯಾಲಯವು ಬಲವಂತದಿಂದ ಪೂರೈಸಿಸುವುದಿಲ್ಲ. "ಹೋಗು, ಉಳಿದ ನಾಲ್ಕು ತಿಂಗಳು ದುಡಿ" ಎಂದು ಯಾವ ನ್ಯಾಯಾಧೀಶರೂ ಹೇಳುವಂತಿಲ್ಲ. ಸಂವಿಧಾನದ 23ನೆಯ ವಿಧಿ ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿದೆ. 1982ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳ ಕೂಲಿಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಬಲಾತ್ಕಾರವೆಂದರೆ ದೊಣ್ಣೆಯೊಂದೇ ಅಲ್ಲ, ಬೇರೆ ದಾರಿಯಿಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವಂತೆ ಮಾಡುವ ಹಸಿವೂ ಬಲಾತ್ಕಾರವೇ ಎಂದಿತು.

ಇನ್ನು ದಂಡದ ಮಾತು. 1872ರ ಕರಾರು ಕಾಯಿದೆಯ 74ನೆಯ ಕಲಮಿನಂತೆ, ಕರಾರಿನಲ್ಲಿ ಬರೆದ ಮೊತ್ತವೇ ಪೂರ್ತಿ ಸಲ್ಲಬೇಕೆಂದಿಲ್ಲ. ಆ ಮೊತ್ತ ಮೇಲ್ಮಿತಿ ಮಾತ್ರ. ಅದರೊಳಗೆ ನ್ಯಾಯವೆನಿಸುವಷ್ಟು ಪರಿಹಾರವನ್ನು ನ್ಯಾಯಾಲಯ ನಿರ್ಧರಿಸಬೇಕು. ಗುತ್ತಿಗೆದಾರ ತಾನೇ ವಾದಿ, ತಾನೇ ನ್ಯಾಯಾಧೀಶ, ತಾನೇ ಅಮೀನನಾಗಿ ಸಂಬಳಕ್ಕೆ ಕೈಹಾಕುವಂತಿಲ್ಲ. ನಾವು ಕೇಳುತ್ತೇವೆ: ಈ ಹುಡುಗ ಹೋದದ್ದರಿಂದ ಇವರಿಗೆ ಆದ ನಷ್ಟವೆಷ್ಟು? ತರಬೇತಿ ಕೊಟ್ಟರೇ? ಎರಡು ದಿನ ಒಂದು ಕೋಣೆಯಲ್ಲಿ ಕೂರಿಸಿ ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕೆಂದು ತೋರಿಸಿದ್ದನ್ನು ತರಬೇತಿ ಎನ್ನುವುದಾದರೆ, ಅದು ಕೊಟ್ಟದ್ದು ಹೌದು. ಅವನ ಜಾಗಕ್ಕೆ ಮೂರನೆಯ ದಿನವೇ ಇನ್ನೊಬ್ಬ ಬಂದು ಕೂತಿದ್ದಾನೆ. ಅವನ ಕೈಯಿಂದಲೂ ಅದೇ ಕಾಗದಕ್ಕೆ ರುಜು ಹಾಕಿಸಿದ್ದಾರೆ.

ಈಚೆಗೆ ಗುತ್ತಿಗೆದಾರರು ಒಂದು ತೀರ್ಪನ್ನು ಬಾವುಟದಂತೆ ಬೀಸತೊಡಗಿದ್ದಾರೆ. ಅದನ್ನೂ ಬಚ್ಚಿಡದೆ ಹೇಳುತ್ತೇವೆ. 2025ರ ಮೇ 14ರಂದು ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕಿನ ಪ್ರಕರಣವನ್ನು ತೀರ್ಮಾನಿಸಿತು. ವಿಜಯಾ ಬ್ಯಾಂಕು ನಮಗೆ ಹೊರಗಿನದಲ್ಲ. 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಕಟ್ಟಿದ್ದು, 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಮೂರು ವರ್ಷ ಮುಗಿಯುವ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತಿಗೆ ಒಪ್ಪಿ ಸೇರಿದ ಹಿರಿಯ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಆಕ್ಷೇಪಿಸುತ್ತಲೇ ಹಣ ಕಟ್ಟಿ, ಬಳಿಕ ದಾವೆ ಹೂಡಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. ಸುಪ್ರೀಂ ಕೋರ್ಟಿನಲ್ಲಿ ಸೋತರು.

ಆದರೆ ತೀರ್ಪನ್ನು ಬೀಸುವವರು ಅದನ್ನು ಓದಲಿ. ಅಲ್ಲಿದ್ದದ್ದು ಸರಕಾರಿ ರಂಗದ ಬ್ಯಾಂಕು. ಬಹಿರಂಗ ಜಾಹೀರಾತು, ಆಯ್ಕೆ ಎಲ್ಲ ನಡೆಸಿಯೇ ಅದು ನೇಮಕ ಮಾಡಬೇಕು. ಅಧಿಕಾರಿ ಅರ್ಧದಲ್ಲಿ ಹೋದರೆ ಆ ಖರ್ಚು, ಆ ಶ್ರಮ ಮತ್ತೆ ಮೊದಲಿನಿಂದ. ಕೋರ್ಟು ತೂಗಿದ್ದು ಇದನ್ನು. ಆ ಅಧಿಕಾರಿಗೆ ಇದ್ದದ್ದು ಭದ್ರವಾದ, ಒಳ್ಳೆಯ ಸಂಬಳದ ಹುದ್ದೆ. ನಾಳೆ ಬೆಳಿಗ್ಗೆ ಇರುವುದೋ ಇಲ್ಲವೋ ತಿಳಿಯದ ಹಂಗಾಮಿ ಕೆಲಸಗಾರನನ್ನು, ಜಾಹೀರಾತಿಗೆ ಕಾಸು ಖರ್ಚು ಮಾಡದೆ ಸ್ನೇಹಿತನ ಫೋನಿನಿಂದ ಆಳು ಹಿಡಿಯುವ ಗುತ್ತಿಗೆದಾರನನ್ನು ಆ ತಕ್ಕಡಿಯಲ್ಲಿ ಕೂರಿಸುವುದು ಹೇಗೆ? ಅದೇ ಸುಪ್ರೀಂ ಕೋರ್ಟು 1986ರಲ್ಲಿ, ಒಳನಾಡು ಜಲಸಾರಿಗೆ ನಿಗಮದ ಪ್ರಕರಣದಲ್ಲಿ, ಕಾರಣ ಕೊಡದೆ ಮೂರು ತಿಂಗಳ ನೋಟೀಸಿನ ಮೇಲೆ ಖಾಯಂ ನೌಕರನನ್ನು ತೆಗೆಯುವ ಷರತ್ತನ್ನೇ ತಳ್ಳಿಹಾಕಿತು. ಬಲದಲ್ಲಿ ಆನೆ–ಇರುವೆಯಷ್ಟು ಅಂತರವಿರುವ ಇಬ್ಬರ ನಡುವೆ, ಬೇರೆ ಗತಿಯಿಲ್ಲದೆ ಒಬ್ಬನು ಒಪ್ಪಿದ ಅನ್ಯಾಯದ ಷರತ್ತಿಗೆ ಕೋರ್ಟು ಬಲ ಕೊಡುವುದಿಲ್ಲವೆಂಬುದು ಅದರ ತಿರುಳು. ಅಲ್ಲಿಯೂ ನಿಗಮ ಸರಕಾರದ್ದು ನಿಜ. ಆದರೆ ತಿರುಳು ನಮ್ಮೆಲ್ಲರದು. ಈ ತೀರ್ಪನ್ನು ಯಾವ ಗುತ್ತಿಗೆದಾರನೂ ಬೀಸುವುದಿಲ್ಲ.

ಹೊಸ ಕಾನೂನನ್ನೂ ಬಂಧುಗಳು ತಿಳಿದುಕೊಳ್ಳಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ನಮಗೆ ಒಪ್ಪದ ಅಂಶಗಳು ಬೇಕಾದಷ್ಟಿವೆ. ಅವಧಿ ಮುಗಿಯಿತೆಂದು ಮನೆಗೆ ಕಳುಹಿಸಿದರೆ ಅದು ಛಾಟಿಯೇ ಅಲ್ಲ ಎನ್ನುವ ನಿಯಮ ಅವುಗಳಲ್ಲೊಂದು. ಆದರೆ ವೇತನ ಸಂಹಿತೆಯ 17ನೆಯ ಕಲಮಿನಲ್ಲಿ ಒಂದು ಒಳ್ಳೆಯ ಮಾತಿದೆ: ತೆಗೆದುಹಾಕಲ್ಪಟ್ಟವನಿಗೆ ಮಾತ್ರವಲ್ಲ, ರಾಜೀನಾಮೆ ಕೊಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಸಲ್ಲಬೇಕು. 1936ರ ಹಳೆಯ ವೇತನ ಪಾವತಿ ಕಾಯಿದೆಯಲ್ಲಿ ಈ ಎರಡು ದಿನಗಳ ಗಡುವು ಧಣಿಯೇ ಕೆಲಸದಿಂದ ತೆಗೆದವರಿಗೆ ಮಾತ್ರ ಇತ್ತು. ಇನ್ನೂ ಒಂದನ್ನು ನೋಡಿ. ಹತ್ತು ಮಂದಿಯೋ ಹೆಚ್ಚೋ ಒಟ್ಟುಗೂಡಿ, ಕರಾರಿನಂತೆ ನೋಟೀಸು ಕೊಡದೆ, ಸಕಾರಣವಿಲ್ಲದೆ ಕೆಲಸಕ್ಕೆ ಬಾರದೆ ಹೋದರೆ, ನೋಟೀಸಿಗೆ ಬದಲಾಗಿ ಹಿಡಿಯಬಹುದಾದದ್ದು ಹೆಚ್ಚೆಂದರೆ 8 ದಿನಗಳ ವೇತನ. ಹಳೆಯ ಕಾಯಿದೆಯಲ್ಲೂ ಇದೇ, ಹೊಸ ಸಂಹಿತೆಯಲ್ಲೂ ಇದೇ. ಕೂಡಿಕೊಂಡು ಹೇಳದೆ ಹೋದವರಿಗೆ ಎಂಟು ದಿನ. ಒಬ್ಬನೇ ಹೇಳಿಯೇ ಹೋದ ನಮ್ಮ ಹುಡುಗನಿಗೆ ಮೂರು ತಿಂಗಳು! ಇದು ಯಾವ ಊರಿನ ಲೆಕ್ಕ?

ಹನ್ನೊಂದು ತಿಂಗಳ ಲೆಕ್ಕವೂ ನಮಗೆ ತಿಳಿಯದ್ದಲ್ಲ. ಅವಧಿಯ ಕರಾರಿನಲ್ಲಿ ಒಂದು ವರ್ಷ ಪೂರೈಸಿದವನಿಗೆ ಗ್ರಾಚುಯಿಟಿ ಸಲ್ಲಬೇಕೆಂದು ಸಂಹಿತೆ ಹೇಳುತ್ತದೆ. ಆದ್ದರಿಂದ ಹನ್ನೆರಡನೆಯ ತಿಂಗಳ ಹೊಸ್ತಿಲಲ್ಲೇ ಕಾಗದ ಮುಗಿಯುವಂತೆ ಬರೆಸುತ್ತಾರೆ. ಹನ್ನೊಂದು ತಿಂಗಳಿಗೆ ಒಂದು ದಿನ ಮುಂಚೆ ಹೋದರೆ ದ್ರೋಹ, ಒಂದು ತಿಂಗಳು ಹೆಚ್ಚಿಗೆ ಇರುತ್ತೇನೆಂದರೆ ದುರಾಸೆ.

ಧಣಿಗಳಾದವರು ತಮ್ಮ ಮಾತನ್ನು ಹೇಗೆ ಉಳಿಸಿಕೊಂಡಿದ್ದಾರೆ? ಪೋರೂರಿನಿಂದ ಪೂನಮಲ್ಲಿ ದಾಟಿ ಬೆಂಗಳೂರಿನ ದಾರಿ ಹಿಡಿದರೆ ಶ್ರೀಪೆರುಂಬುದೂರು. ಅಲ್ಲಿ ಸಾವಿರಾರು ಮಂದಿ ದುಡಿಯುತ್ತಿದ್ದ ನೋಕಿಯಾ ಕಾರ್ಖಾನೆ 2014ರ ನವೆಂಬರ್ 1ರಂದು ನಿಂತುಹೋಯಿತು. 2020ರಲ್ಲಿ ಕೋವಿಡ್ಡಿನ ಭಯಕ್ಕೆ ಸ್ವಂತ ಮಕ್ಕಳೇ ದೂರ ನಿಂತಾಗ ರೋಗಿಗಳ ಬಳಿ ನಿಲ್ಲಲು ತಮಿಳುನಾಡು ಸರಕಾರ ಹಂಗಾಮಿ ದಾದಿಯರನ್ನು ತೆಗೆದುಕೊಂಡಿತು. 2022ರ ಡಿಸೆಂಬರ್ ಕೊನೆಗೆ ಅವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಕರಾರು ಮುಂದುವರಿಯಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅತ್ತ ಖಾಸಗಿ ಆಸ್ಪತ್ರೆಗಳಲ್ಲಿ ದಾದಿಯರನ್ನು ಬಾಂಡಿನಲ್ಲಿ ಕಟ್ಟಿಹಾಕುವ ಪದ್ಧತಿ. 2012ರಲ್ಲಿ ಇದೇ ನಗರದ ಕೆಲವು ಖಾಸಗಿ ಆಸ್ಪತ್ರೆಗಳ ದಾದಿಯರು ಮುಷ್ಕರ ಹೂಡಿದಾಗ ಸಂಬಳದ ಜೊತೆಗೆ ಅವರು ಎತ್ತಿದ ಕೂಗು ಬಾಂಡು ತೊಲಗಲಿ ಎಂಬುದೇ. ಒಂದು ಕಡೆ ಇರುತ್ತೇನೆಂದರೂ ಇರಗೊಡರು, ಇನ್ನೊಂದು ಕಡೆ ಹೋಗುತ್ತೇನೆಂದರೂ ಹೋಗಗೊಡರು.

ಬಿಡುವ ಹಕ್ಕು ಬರಿಯ ಸಂಬಳದ ಪ್ರಶ್ನೆಯೂ ಅಲ್ಲ. ಪೋರೂರಿಗೆ ಅಂಟಿಕೊಂಡಿರುವ ಮೌಳಿವಾಕ್ಕಂ ನಿಮಗೆ ಗೊತ್ತು. 2014ರ ಜೂನ್ 28ರ ಸಂಜೆ, ಮಳೆಯಲ್ಲಿ, ಅಲ್ಲಿ ಕಟ್ಟುತ್ತಿದ್ದ ಹನ್ನೊಂದು ಅಂತಸ್ತಿನ ಕಟ್ಟಡ ಕುಸಿದು 61 ಜನ ಸತ್ತರು. ಹೆಚ್ಚಿನವರು ಆಂಧ್ರದಿಂದ, ಒಡಿಶಾದಿಂದ ಕೂಲಿಗೆ ಬಂದವರು. ಅವರಲ್ಲಿ ಒಬ್ಬನು ಹಿಂದಿನ ದಿನ "ಈ ಕಟ್ಟಡ ನನಗೆ ಸರಿಕಾಣುವುದಿಲ್ಲ, ನಾನು ಊರಿಗೆ ಹೋಗುತ್ತೇನೆ" ಎಂದು ಗಂಟುಮೂಟೆ ಕಟ್ಟಿದ್ದನೆಂದು ಊಹಿಸಿ. ಅವನನ್ನೂ ಕರಾರು ಮುರಿದವನು ಎನ್ನುತ್ತಿದ್ದೆವೇ? ಬಿಟ್ಟುಹೋಗುವ ಸ್ವಾತಂತ್ರ್ಯ ಕೆಲಸಗಾರನ ಕೊನೆಯ ಆಸ್ತಿ. ಅದನ್ನೂ ಒತ್ತೆಯಿಟ್ಟವನಿಗೆ ಉಳಿಯುವುದು ಜೀತ. ಜೀತಪದ್ಧತಿಯನ್ನು ಈ ದೇಶ 1976ರ ಕಾಯಿದೆಯಿಂದ ನಿಷೇಧಿಸಿದೆ. ಜೀತ ಎಂಬ ಹೆಸರು ತೆಗೆದು ಬಾಂಡು ಎಂದು ಕರೆದರೆ, ಅಳಿಯ ಅಲ್ಲ ಮಗಳ ಗಂಡ ಎಂದಂತಾಯಿತು.

ಇಷ್ಟು ಹೇಳಿದ ಮೇಲೆ ನಮ್ಮ ಹುಡುಗರಿಗೂ ನಾಲ್ಕು ಮಾತು ಹೇಳಬೇಕು. ಬಿಡುವ ಹಕ್ಕಿದೆ ಎಂದರೆ ಹೇಳದೆ ಕೇಳದೆ ರಾತ್ರಿ ಬಸ್ಸು ಹತ್ತುವ ಹಕ್ಕಿದೆ ಎಂದಲ್ಲ. ಹಾಗೆ ಹೋದರೆ ಗುತ್ತಿಗೆದಾರನಿಗೆ ನೋವಾಗುವುದಿಲ್ಲ; ಜೊತೆಯಲ್ಲಿ ಪಾಳಿ ಮಾಡುವ ಗೆಳೆಯನ ಬೆನ್ನ ಮೇಲೆ ನಿಮ್ಮ ಹೊರೆಯೂ ಬೀಳುತ್ತದೆ. ಅವನೂ ಯಾರದೋ ಮಗ. ಆದ್ದರಿಂದ ಹೋಗುವುದನ್ನು ಬರವಣಿಗೆಯಲ್ಲಿ ತಿಳಿಸಿ. ತಾರೀಖು ಹಾಕಿ, ತಲುಪಿದ್ದಕ್ಕೆ ರುಜು ಪಡೆದು ಪ್ರತಿ ಇಟ್ಟುಕೊಳ್ಳಿ. ಕೈಲಿದ್ದ ಕೆಲಸ, ಬೀಗದ ಕೈ, ಗುರುತಿನ ಚೀಟಿ ಒಪ್ಪಿಸಿ. ಸೇರುವಾಗ ಕರಾರನ್ನು ಓದದೆ ರುಜು ಹಾಕಬೇಡಿ. ಇಂಗ್ಲಿಷು ತಿಳಿಯದಿದ್ದರೆ ಸಂಘಕ್ಕೆ ತನ್ನಿ, ಓದಿ ಹೇಳುತ್ತೇವೆ. ಎಲ್ಲಕ್ಕಿಂತ ಮುಖ್ಯವಾಗಿ ಮೂಲ ಸರ್ಟಿಫಿಕೇಟುಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ. ತೋರಿಸಿ, ನಕಲು ಕೊಡಿ, ಮೂಲವನ್ನು ಮನೆಗೆ ತನ್ನಿ. ಅಪ್ಪ ಹೊಲ ಅಡವಿಟ್ಟು ಓದಿಸಿ ಪಡೆದ ಕಾಗದ ಅದು. ಅದನ್ನು ನೀವು ಇನ್ನೊಮ್ಮೆ ಅಡವಿಡಬೇಡಿ.

ಸಂಘಕ್ಕೂ ಒಂದು ಮಾತು. ನಮ್ಮ ರಾಜ್ಯೋತ್ಸವಕ್ಕೆ ಧಾರಾಳವಾಗಿ ಚಂದಾ ಕೊಡುವವರಲ್ಲಿ ಆಳುಗಳನ್ನು ಒದಗಿಸುವ ಕನ್ನಡಿಗ ಗುತ್ತಿಗೆದಾರರೂ ಇದ್ದಾರೆ. ಈ ಬರಹ ಅವರಿಗೆ ಹಿಡಿಸದೆಂದು ಬಲ್ಲೆವು. ಅವರನ್ನು ನಾವು ಹಗೆಗಳೆಂದು ತಿಳಿದಿಲ್ಲ. ಅವರಿಂದಲೇ ಆರಂಭವಾಗಲಿ ಎನ್ನುತ್ತೇವೆ. ಅವರು ಬರೆಸುವ ಕರಾರಿನಲ್ಲಿ ಇನ್ನು ಮುಂದೆ ಎರಡೂ ಕಡೆಗೆ ಒಂದೇ ನೋಟೀಸು ಇರಲಿ. ತಾವು ಒಂದು ದಿನದಲ್ಲಿ ತೆಗೆಯಬಹುದಾದರೆ ಅವನೂ ಒಂದು ದಿನದಲ್ಲಿ ಬಿಡಲಿ. ಅವನು ಒಂದು ತಿಂಗಳು ಕಾಯಬೇಕಾದರೆ ತಾವೂ ಒಂದು ತಿಂಗಳು ಕಾಯಲಿ. ಇದಕ್ಕೆ ಒಪ್ಪದವರ ಚಂದಾ ನಮ್ಮ ಚಪ್ಪರಕ್ಕೆ ಬೇಡ. ಚಪ್ಪರ ಚಿಕ್ಕದಾದರೂ ಅಡ್ಡಿಯಿಲ್ಲ, ಅದರ ಕೆಳಗೆ ನಮ್ಮ ಹುಡುಗರು ತಲೆಯೆತ್ತಿ ಕೂರಲಿ.

ಸಂಘದಿಂದ ಎರಡು ಸಲ ಕಾಗದ ಬರೆದ ಮೇಲೆ ಆ ಹುಡುಗನ ಸರ್ಟಿಫಿಕೇಟುಗಳು ಮರಳಿ ಬಂದಿವೆ. ದಂಡದ ಮಾತನ್ನು ಗುತ್ತಿಗೆದಾರ ಈಗ ಎತ್ತುತ್ತಿಲ್ಲ. ಕೊನೆಯ ತಿಂಗಳ ಸಂಬಳ ಮಾತ್ರ ಇನ್ನೂ ಬಂದಿಲ್ಲ. ಕಾರ್ಮಿಕ ಇಲಾಖೆಗೆ ಕೊಡಬೇಕಾದ ಅರ್ಜಿ ಸಿದ್ಧವಾಗಿದೆ. ಮುಂದಿನ ಸಭೆಯಲ್ಲಿ ಅದನ್ನು ಓದಿ, ಸಂಘದ ಪರವಾಗಿ ರುಜು ಹಾಕಬೇಕು. ಕಳೆದ ಸಭೆಯಲ್ಲಿ ತಲೆದೂಗಿದ ಹಿರಿಯರೂ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಹುಡುಗ ಏಳು ತಿಂಗಳು ದುಡಿದಿದ್ದಾನೆ, ಆರು ತಿಂಗಳ ಸಂಬಳ ಪಡೆದಿದ್ದಾನೆ. ಮಾತಿಗೆ ತಪ್ಪಿದವರು ಯಾರೆಂಬುದನ್ನು ಅವರೇ ಲೆಕ್ಕ ಹಾಕಿ, ಮೊದಲ ರುಜು ಅವರೇ ಹಾಕಲಿ.